ಹಂಗಾಮಿ ಗುರುವಿನ ಹಂಗಾಮು

ಕಚೇರಿಯ ಕಾಗದಪತ್ರಗಳಲ್ಲಿ 'ಹಂಗಾಮಿ' ಎಂಬ ಮಾತು ಮೇಲಿಂದ ಮೇಲೆ ಕಾಣಬರುವುದು. ಖಾಯಂ ಆದವರು ಬರುವ ತನಕ ಒಂದು ಕೆಲಸವನ್ನು ನೋಡಿಕೊಂಡಿರತಕ್ಕವರಿಗೆ ಈ ಹೆಸರು. ಕೇಳಿದವರ ಕಿವಿಗೆ ಅದರಲ್ಲಿ ಏನೋ ಒಂದು ಕೊರತೆಯ ಧ್ವನಿ ತಾಗುವುದುಂಟು. ನಾಳೆ ಹೋಗತಕ್ಕವರು, ಇವರಿಗೇನು ಅಧಿಕಾರ, ಇವರ ಮಾತಿಗೇನು ಬೆಲೆ ಎಂಬ ಭಾವನೆ. ಆದರೆ ಈ ಮಾತಿನ ಮೂಲವು ಪಾರಸಿ ಭಾಷೆಯದು. ಅಲ್ಲಿ ಅದಕ್ಕೆ ಕಾಲ, ಸಮಯ ಎಂದರ್ಥ. ಅದೇ ಮೂಲದಿಂದ ಬಂದ 'ಹಂಗಾಮು' ಎಂಬ ಶಬ್ದವನ್ನು ನಮ್ಮ ಕವಲಂದೆಯ ಸುತ್ತಿನ ಬೇಸಾಯಗಾರರು ಎಷ್ಟು ಭಯಭಕ್ತಿಯಿಂದ ಆಡುವರೆಂಬುದನ್ನು ವಾಚಕರು ಬಲ್ಲರು. ಹಂಗಾಮು ಯಾರಿಗೂ ಕಾಯುವುದಿಲ್ಲ. ಬಿತ್ತತಕ್ಕ ಕಾಲದಲ್ಲಿ ಬಿತ್ತದಿದ್ದರೆ ಆ ವರ್ಷವೇ ಹೋಯಿತು. ಹಾಗಾದರೆ ಹಂಗಾಮಿಯೆಂದರೆ ಹಂಗಾಮನ್ನು ತಪ್ಪಿಸದೆ ಉಳಿಸಿಕೊಡತಕ್ಕವರೆಂದು ಏಕೆ ತಿಳಿಯಬಾರದು? ಕಳೆದ ವ್ಯಾಸಂಗ ವರ್ಷದಲ್ಲಿ ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಸಹೊರಟಾಗ ಈ ವಿಚಾರವೇ ನಮ್ಮ ಮನಸ್ಸಿನಲ್ಲಿ ಮುಂದಾಗಿ ನಿಂತಿರುವುದು.

2025ರ ಜೂನ್ ತಿಂಗಳಲ್ಲಿ ನಮ್ಮ ದೈಹಿಕ ಶಿಕ್ಷಣದ ಉಪಾಧ್ಯಾಯಿನಿಯವರು ಹೆರಿಗೆಯ ರಜೆಯ ಮೇಲೆ ತೆರಳಿದರು. 2017ರಲ್ಲಿ ತಿದ್ದುಪಡಿಯಾಗಿದ್ದ ಆಗಿನ ಕಾನೂನಿನ ಮೇರೆಗೆ ಈ ರಜೆಯು 26 ವಾರಗಳಷ್ಟಿತ್ತು. ಇದು ನ್ಯಾಯವಾದುದೇ ಸರಿ, ಸಂತೋಷಪಡತಕ್ಕದ್ದೇ ಸರಿ. ಆದರೆ ಶಾಲಾ ಕ್ರೀಡಾಕೂಟಗಳು ನಡೆಯುವುದೂ ಆ ತಿಂಗಳುಗಳಲ್ಲಿಯೇ. ಆಗಸ್ಟಿನಲ್ಲಿ ತಾಲ್ಲೂಕಿನ ಪಂದ್ಯ, ಸೆಪ್ಟೆಂಬರಿನಲ್ಲಿ ಜಿಲ್ಲೆಯ ಪಂದ್ಯ. ತಂಡದ ಹನ್ನೆರಡು ಬಾಲಿಕೆಯರಲ್ಲಿ ಏಳು ಮಂದಿ ಹತ್ತನೆಯ ತರಗತಿಯವರು. ಹಂಗಾಮಿಗೆಂದು ದೊರೆತವರು ನಮ್ಮ ಶಾಲೆಯಲ್ಲಿಯೇ ಓದಿ, ಮೈಸೂರಿನ ಕಾಲೇಜಿನಲ್ಲಿ ಆಡಿ, ವ್ಯಾಯಾಮ ಶಿಕ್ಷಣದ ಪರೀಕ್ಷೆ ಮುಗಿಸಿಕೊಂಡು ಬಂದಿದ್ದ ಇಪ್ಪತ್ತನಾಲ್ಕು ವರ್ಷದ ಯುವತಿ. ಡಿಸೆಂಬರಿನ ನಡುವಿಗೆ ಆಕೆಯ ಕೆಲಸ ಮುಗಿಯತಕ್ಕದ್ದೆಂದು ನೇಮಕದ ಕಾಗದದಲ್ಲಿಯೇ ಬರೆದಿತ್ತು.

ಒಬ್ಬ ವಿದ್ಯಾರ್ಥಿನಿಯ ತಂದೆಯವರು ನಮ್ಮನ್ನು ಕಾಣಲು ಬಂದರು. ರೇಷ್ಮೆ ಸಾಕುವ ಮನೆತನದವರು. ಮಾತಿನಲ್ಲಿ ಮರ್ಯಾದೆ, ಮನಸ್ಸಿನಲ್ಲಿ ಅಂಜಿಕೆ. "ಅಮ್ಮಾವ್ರೇ, ನಾಕು ದಿನ ಇದ್ದು ಹೋಗೋರ ಕೈಗೆ ಹೆಣ್ಮಕ್ಕಳ ಒಪ್ಸಿ ಮೈಸೂರ್‌ಗಂಟ ಕಳಿಸೋದಾ? ಮುಂದಿನ ವರ್ಸ ನಿಮ್ಮ ಮಿಸ್ಸು ಬಂದ್ಮೇಲೆ ಆಡ್ಕಳಿ ಬುಡಿ" ಎಂದರು. ನಾವು ಹೇಳಿದ್ದು ಇಷ್ಟೆ: "ಅಣ್ಣಾ, ಶಾಲೆಗೆ ಮುಂದಿನ ವರ್ಷ ಉಂಟು. ನಿಮ್ಮ ಮಗಳಿಗೆ ಈ ಶಾಲೆಯಲ್ಲಿ ಮುಂದಿನ ವರ್ಷವಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳಗಿನ ಅಭ್ಯಾಸಕ್ಕಾದರೆ ಕಳುಹಿಸುವೆನೆಂದೂ, ಸಂಜೆ ಹುಳುವಿಗೆ ಸೊಪ್ಪು ಕೊಯ್ಯಲು ಹುಡುಗಿ ಬೇಕೆಂದೂ ತಿಳಿಸಿ ಹೋದರು. ಅಂದಿನಿಂದ ಅಭ್ಯಾಸವು ಬೆಳಿಗ್ಗೆ ಏಳು ಗಂಟೆಗೆ ಗೊತ್ತಾಯಿತು.

ಈ ಆಟವೇ ಒಬ್ಬ ಹಂಗಾಮಿ ಗುರುವಿನ ಕೂಸೆಂಬುದನ್ನು ಬಹು ಮಂದಿ ಅರಿಯರು. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ಶಿಕ್ಷಣ ಶಾಲೆಯಲ್ಲಿ 1891ರ ಚಳಿಗಾಲದಲ್ಲಿ ಹದಿನೆಂಟು ಮಂದಿ ವಿದ್ಯಾರ್ಥಿಗಳ ಒಂದು ತರಗತಿಯಿತ್ತು. ಕವಾಯತಿನಿಂದ ಬೇಸತ್ತಿದ್ದ ಅವರನ್ನು ಹದ್ದಿಗೆ ತರಲಾರದೆ ಇಬ್ಬರು ಶಿಕ್ಷಕರು ಒಬ್ಬರ ಹಿಂದೊಬ್ಬರು ಕೈಬಿಟ್ಟರು. ಆಗ ಮುಖ್ಯಸ್ಥರಾದ ಲೂಥರ್ ಗ್ಯೂಲಿಕರು ಆ ತರಗತಿಯನ್ನು ಜೇಮ್ಸ್ ನೇಸ್ಮಿತ್ ಎಂಬ ಕೆನಡಾ ದೇಶದ ಮೂವತ್ತು ವರ್ಷದ ಯುವಕನಿಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡತಕ್ಕ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ಹುಡುಕಿಕೊಡಬೇಕೆಂದರು. ನೇಸ್ಮಿತರು ದೇವಜ್ಞಾನಶಾಸ್ತ್ರವನ್ನು ಓದಿದ್ದವರು. ಗಡುವು ಮುಗಿಯುವ ಹೊತ್ತಿಗೆ ಹದಿಮೂರು ನಿಯಮಗಳನ್ನು ಬರೆದು, ಹತ್ತು ಅಡಿ ಎತ್ತರದ ಮೊಗಸಾಲೆಯ ಅಂಚಿಗೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆಸಿದರು. ಆ ಮೊದಲ ಆಟದಲ್ಲಿ ಬುಟ್ಟಿಗೆ ಬಿದ್ದುದು ಒಂದೇ ಒಂದು ಸಲ. ಮರುವರ್ಷವೇ, ಎಂದರೆ 1892ರಲ್ಲಿ, ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯವರು ಅದನ್ನು ಹೆಣ್ಣುಮಕ್ಕಳಿಗೆ ಹೊಂದಿಸಿ ಕಲಿಸಿದರು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದರು. ದಕ್ಷಿಣ ದೇಶದ ಶಾಲೆಗಳಿಗೆ ವ್ಯಾಯಾಮ ಶಿಕ್ಷಣವು ಹಬ್ಬಿದುದರಲ್ಲಿ ಆ ಕಾಲೇಜಿನ ಪಾಲು ದೊಡ್ಡದು.

ನೇಸ್ಮಿತರ ನಿಯಮಗಳಲ್ಲಿ ಮುಖ್ಯವಾದುದು, ಚೆಂಡನ್ನು ಹಿಡಿದುಕೊಂಡು ಓಡಕೂಡದೆಂಬುದು. ಹಿಡಿದವನು ನಿಂತಲ್ಲಿಂದಲೇ ಮತ್ತೊಬ್ಬನಿಗೆ ಎಸೆಯಬೇಕು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಮುಂದುವರಿಯುವ ಕ್ರಮವು ಆಮೇಲೆ ಬಂದುದು. ನಮ್ಮ ಹಂಗಾಮಿ ಉಪಾಧ್ಯಾಯಿನಿಯು ಮೊದಲ ಎರಡು ವಾರ ಬಾಲಿಕೆಯರನ್ನು ಆ ಹಳೆಯ ನಿಯಮದಂತೆಯೇ ಆಡಿಸಿದರು, ಪುಟಿಸಕೂಡದು, ಎಸೆಯಬೇಕು. ಇದಕ್ಕೆ ಕಾರಣವಿತ್ತು. ತಂಡದಲ್ಲಿ ಒಬ್ಬಳು ಎತ್ತರದ ಚುರುಕು ಹುಡುಗಿ. ಮಿಕ್ಕವರೆಲ್ಲ ಚೆಂಡನ್ನು ಅವಳ ಕೈಗೆ ಕೊಟ್ಟು ನಿಂತುಬಿಡುವುದು ಅಭ್ಯಾಸವಾಗಿತ್ತು. ಪುಟಿಸುವುದು ನಿಂತ ಮೇಲೆ ಹನ್ನೆರಡು ಮಂದಿಗೂ ಚೆಂಡು ಸಿಕ್ಕಿತು. ನಮ್ಮ ಅಂಗಳದಲ್ಲಿರುವುದು ಒಂದೇ ಕಂಬ, ಒಂದೇ ಬಳೆ. ಆ ಅರ್ಧ ಅಂಗಳದಲ್ಲಿಯೇ ಮೂವರಿಗೆ ಮೂವರಂತೆ ಆಡಿಸಿದರು. ಒಂದೇ ಬಳೆಯಿಂದ ಮೂವರು ಮೂವರಾಗಿ ಆಡುವ ಈ ಕ್ರಮಕ್ಕೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿಯೇ ಸ್ಥಾನ ದೊರೆತಿರುವುದೆಂದು ಆಕೆಯು ತಿಳಿಸಿದ ಮೇಲೆ ಬಾಲಿಕೆಯರಿಗೆ ಒಂದೇ ಬಳೆಯೆಂಬ ಸಂಕೋಚವು ಹೋಯಿತು.

ಇನ್ನೊಂದು ವಿಷಯವನ್ನೂ ಗಮನಿಸಿದೆವು. ರಜೆಯ ಮೇಲಿದ್ದ ಉಪಾಧ್ಯಾಯಿನಿಯವರು ಹಾಕಿಕೊಟ್ಟಿದ್ದ ಕ್ರಮದಲ್ಲಿ ಈಕೆಯು ಯಾವುದನ್ನೂ ಅಳಿಸಲಿಲ್ಲ. ನಾಯಕಿಯಾಗಿ ಅವರು ಆರಿಸಿದ್ದವಳನ್ನೇ ಉಳಿಸಿಕೊಂಡರು. ಬಾಲಿಕೆಯರು ಆಕೆಯನ್ನು ಅಂಗಳದಲ್ಲಿ 'ಮಿಸ್' ಎಂದೂ, ಬೋರ್ಡಿಂಗಿನಲ್ಲಿ 'ಅಕ್ಕಾ' ಎಂದೂ ಕರೆಯುತ್ತಿದ್ದರು. "ನಮ್ಮ ಮಿಸ್‌ಗಿಂತ ನೀವೇ ಚೆನ್ನಾಗಿ ಹೇಳ್ಕೊಡ್ತೀರ ಅಕ್ಕಾ" ಎಂದು ಒಬ್ಬಳು ಮುದ್ದಿಗೆ ಹೇಳಿದಾಗ ಆಕೆಯು ಮುಖ ಗಂಟಿಕ್ಕಿ, "ಆ ಮಾತು ಇನ್ನೊಂದ್ಸಲ ಬರಬಾರದು" ಎಂದುದನ್ನು ನಾವು ನಮ್ಮ ಕೊಠಡಿಯ ಕಿಟಕಿಯಿಂದ ಕೇಳಿದೆವು.

ಆಗಸ್ಟಿನಲ್ಲಿ ನಂಜನಗೂಡಿನಲ್ಲಿ ನಡೆದ ತಾಲ್ಲೂಕಿನ ಪಂದ್ಯದಲ್ಲಿ ನಮ್ಮವರು ಗೆದ್ದರು. ಸೆಪ್ಟೆಂಬರಿನಲ್ಲಿ ಮೈಸೂರಿಗೆ ಹೊರಟೆವು. ಬಸ್ಸು ಹತ್ತುವಾಗ ನಮಗಾರಿಗೂ ಕಾಣದುದು ಹಂಗಾಮಿಯವರಿಗೆ ಕಂಡಿತು: ಆ ಎತ್ತರದ ಹುಡುಗಿ ಪ್ರತಿ ಮೆಟ್ಟಿಲಿಗೂ ಎಡಗಾಲನ್ನೇ ಮುಂದಿಡುತ್ತಿದ್ದಳು. ಅಂಗಳ ಸೇರಿದ ಮೇಲೆ ಅವಳನ್ನು ಬದಿಗೆ ಕರೆದು, ಬಲಗಾಲೊಂದರಲ್ಲೇ ನೆಗೆಯುವಂತೆ ಹೇಳಿದರು. ನೆಗೆದಳು; ಮುಖ ಬಿಳುಪೇರಿತು. ಅಭ್ಯಾಸದಲ್ಲಿ ಮೊಣಕಾಲು ಉಳುಕಿ ನಾಲ್ಕು ದಿನವಾಗಿತ್ತು. ತಂಡದಿಂದ ತೆಗೆದುಬಿಟ್ಟಾರೆಂದು ಮನೆಯಲ್ಲಿಯೂ ಹೇಳದೆ ಮುಚ್ಚಿಟ್ಟಿದ್ದಳು.

"ಮಿಸ್, ನಂಗೆ ಇದೇ ಕೊನೇ ವರ್ಷ" ಎಂದು ಅಳುತ್ತ ಬೇಡಿಕೊಂಡಳು.

"ನಂಗೂ ಇಲ್ಲಿ ಇದೇ ಕೊನೇ ಮ್ಯಾಚ್ ಕಣೇ. ನಿನ್ನ ಕಾಲಿಗಲ್ಲ" ಎಂದು ಹೇಳಿ, ಆಕೆಯು ಅವಳನ್ನು ಬೆಂಚಿನ ಮೇಲೆ ಕುಳ್ಳಿರಿಸಿದರು.

ಆ ಪಂದ್ಯದಲ್ಲಿ ನಮ್ಮವರು ನಾಲ್ಕು ಅಂಕಗಳಿಂದ ಸೋತರು. ಬರುವಾಗ ಬಸ್ಸಿನಲ್ಲಿ ಹಾಡಿಲ್ಲ, ಮಾತಿಲ್ಲ. ಊರಿನಲ್ಲಿ ಮಾತ್ರ ಮಾತಿಗೆ ಕೊರತೆಯಾಗಲಿಲ್ಲ. ಖಾಯಂ ಮಿಸ್ಸು ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಕೆಲವರು. ಒಂದು ಅರ್ಧ ಗಂಟೆ ಆಡಿಸಿದ್ದರೆ ಏನಾಗುತ್ತಿತ್ತು ಎಂದು ಮತ್ತೆ ಕೆಲವರು. ಮಾರನೆಯ ವಾರ ವೈದ್ಯರು ಮೊಣಕಾಲಿನ ಚಿತ್ರ ತೆಗೆಸಿ ನೋಡಿ, ಕೀಲನ್ನು ಹಿಡಿದಿರುವ ನಾರು ಅರೆಪಾಲು ಹರಿದಿರುವುದೆಂದೂ, ಪೂರ್ತಿ ಹರಿದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತಿತ್ತೆಂದೂ ತಿಳಿಸಿದರು. ನೆಗೆದು ಇಳಿಯುವ ಇಂಥ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚಾಗಿ ತಗಲುವುದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಆದುದರಿಂದ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ಮಗಳು ಮೊಣಕಾಲು ನೋವೆಂದರೆ ಎಣ್ಣೆ ತಿಕ್ಕಿ ಸುಮ್ಮನಾಗಬಾರದು.

ಆದರೆ ವೈದ್ಯರ ಮಾತು ಬಾರದಿದ್ದರೂ ನಮ್ಮ ಅಭಿಪ್ರಾಯವು ಬದಲಾಗುತ್ತಿರಲಿಲ್ಲ. ಆ ದಿನ ಗೆಲುವಿನ ಅವಶ್ಯಕತೆ ಎಲ್ಲರಿಗಿಂತ ಹೆಚ್ಚಾಗಿದ್ದುದು ಹಂಗಾಮಿಯವರಿಗೇ. ಜಿಲ್ಲೆಯಲ್ಲಿ ಗೆದ್ದ ತಂಡದ ಗುರುವೆಂಬ ಹೆಸರು ಬಂದಿದ್ದರೆ ಎಲ್ಲಿಯಾದರೂ ಖಾಯಂ ಕೆಲಸಕ್ಕೆ ಅದೊಂದು ಶಿಫಾರಸಾಗುತ್ತಿತ್ತು. ಆ ಹುಡುಗಿಯ ಕಾಲು ಮುಂದೆ ಏನಾದರೂ ನೋಡಿಕೊಳ್ಳಬೇಕಾದವರು ಬೇರೆಯವರು. ಲಾಭವೆಲ್ಲ ತನಗೆ, ನಷ್ಟವೆಲ್ಲ ಮುಂದೆ ಬರುವವರಿಗೆ ಎಂಬಂಥ ಸ್ಥಾನದಲ್ಲಿ ನಿಂತು ಆಕೆಯು ಮುಂದೆ ಬರುವವರ ಪಕ್ಷವನ್ನು ವಹಿಸಿದರು. ಹಂಗಾಮು ಕಾಯದೆಂಬುದು ನಿಜ. ಆದರೆ ಒಂದು ಹಂಗಾಮಿನ ಬೆಳೆಗಾಗಿ ಹೊಲದ ಮಣ್ಣನ್ನೇ ಕೆಡಿಸಿಕೊಳ್ಳುವ ಬೇಸಾಯಗಾರನಿಲ್ಲ. ಸೋಲಿನ ವಿಷಯಕ್ಕೆ ಬಂದರೆ, ಆಟವನ್ನು ಕಂಡುಹಿಡಿದ ನೇಸ್ಮಿತರೇ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ತಂಡದ ಗುರುವಾಗಿ 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತವರು. ಅದರಿಂದ ಅವರ ಹೆಸರಿಗೆ ಏನೂ ಕುಂದು ಬಂದಿಲ್ಲ.

ದೊಡ್ಡ ಅಂಗಳದಲ್ಲಿಯೂ ಇಂಥದೇ ಕತೆಯುಂಟು. 2022ರ ಡಿಸೆಂಬರಿನಿಂದ 2023ರ ಅಕ್ಟೋಬರಿನವರೆಗೆ ನಮ್ಮ ದೇಶದ ಮಹಿಳಾ ಕ್ರಿಕೆಟ್ ತಂಡಕ್ಕೆ ಖಾಯಂ ಮುಖ್ಯ ಗುರುವಿರಲಿಲ್ಲ. ಆ ನಡುವೆ, 2023ರ ಜುಲೈನಲ್ಲಿ, ಬಾಂಗ್ಲಾದೇಶದ ಪ್ರವಾಸಕ್ಕೆ ಹಂಗಾಮಿ ಗುರುವಾಗಿ ಹೋದವರು ಕಲಬುರಗಿಯಲ್ಲಿ ಬೆಳೆದ ನೂಶಿನ್ ಅಲ್ ಖದೀರ್ ಅವರು. ಏಕದಿನ ಪಂದ್ಯಗಳಲ್ಲಿ ನೂರು ವಿಕೆಟ್ಟುಗಳನ್ನು ಪಡೆದಿದ್ದ ಆಟಗಾರ್ತಿ; ಅದೇ ವರ್ಷದ ಜನವರಿ 29ರಂದು ದಕ್ಷಿಣ ಆಫ್ರಿಕದಲ್ಲಿ ಹತ್ತೊಂಬತ್ತು ವರ್ಷದೊಳಗಿನ ಬಾಲಿಕೆಯರ ಮೊದಲ ವಿಶ್ವಕಪ್ಪನ್ನು ನಮ್ಮವರು ಗೆದ್ದಾಗ ಅವರ ಗುರುವಾಗಿದ್ದವರು. ಬಾಂಗ್ಲಾದೇಶದಲ್ಲಿ ಗೆಲುವು ಸುಲಭವಾಗಿರಲಿಲ್ಲ. ಟಿ-20 ಸರಣಿ 2–1ರಿಂದ ನಮ್ಮದಾಯಿತು. ಏಕದಿನದ ಮೂರು ಪಂದ್ಯಗಳಲ್ಲಿ ಒಂದು ಅವರಿಗೆ, ಒಂದು ನಮಗೆ, ಮೂರನೆಯದು ಎರಡು ಕಡೆಯೂ 225 ಓಟಗಳಾಗಿ ಸಮವಾಯಿತು. ಬಳಿಕ ಸೆಪ್ಟೆಂಬರಿನಲ್ಲಿ ಹೃಷಿಕೇಶ ಕಾನಿಟ್ಕರರ ಕೈಯಲ್ಲಿ ಏಷ್ಯಾ ಕ್ರೀಡಾಕೂಟದ ಚಿನ್ನ. ಅಕ್ಟೋಬರಿನಲ್ಲಿ ಅಮೋಲ್ ಮುಜುಂದಾರರಿಗೆ ಖಾಯಂ ಹೊಣೆ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮವರು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಪಡೆದರು. ಅಂದು 87 ಓಟಗಳನ್ನೂ ಎರಡು ವಿಕೆಟ್ಟುಗಳನ್ನೂ ಗಳಿಸಿದ ಶಫಾಲಿ ವರ್ಮಾ, 2023ರಲ್ಲಿ ನೂಶಿನರ ಬಾಲಿಕೆಯರ ತಂಡಕ್ಕೆ ನಾಯಕಿಯಾಗಿದ್ದವಳು. ಈ ವಿಶ್ವಕಪ್ಪಿಗೆ ಗಾಯಗೊಂಡ ಪ್ರತೀಕಾ ರಾವಲಳ ಬದಲಿಗೆ ಕೊನೆಯ ಘಳಿಗೆಯಲ್ಲಿ ಬಂದು ಸೇರಿದವಳು. ಹಂಗಾಮಿಯವರ ಕೈದಾಟದ ಚೆಂಡು ಎಲ್ಲಿ ಹೋಗಿ ಬುಟ್ಟಿಗೆ ಬೀಳುವುದೆಂದು ಹೇಳಬಲ್ಲವರಾರು? ಆ ರಾತ್ರಿ ಬೋರ್ಡಿಂಗಿನಲ್ಲಿ ಟೆಲಿವಿಷನ್ನಿನ ಮುಂದೆ ನಮ್ಮ ಬಾಲಿಕೆಯರ ನಡುವೆ, ಬಲಗಾಲನ್ನು ದಿಂಬಿನ ಮೇಲೆ ಚಾಚಿ ಕುಳಿತಿದ್ದ ಒಬ್ಬಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು.

ಡಿಸೆಂಬರಿನಲ್ಲಿ ಖಾಯಂ ಉಪಾಧ್ಯಾಯಿನಿಯವರು ಮರಳಿದರು. ಹಂಗಾಮಿಯವರು ಅವರ ಕೈಗೆ ಒಂದು ನೂರು ಪುಟದ ನೋಟುಬುಕ್ಕನ್ನು ಕೊಟ್ಟರು. ಅದರಲ್ಲಿ ಒಬ್ಬೊಬ್ಬ ಬಾಲಿಕೆಗೂ ಎಂಟೆಂಟು ಪುಟ: ಯಾವ ಕೈ ಬಲ, ಯಾವಾಗ ಉಸಿರು ಕಟ್ಟುವುದು, ಯಾರು ಬೆಳಿಗ್ಗೆ ತಿಂಡಿಯಿಲ್ಲದೆ ಬರುವರು, ಯಾರನ್ನು ಎಲ್ಲರೆದುರಿಗೆ ಗದರಬಾರದು. ತನ್ನ ವಿಷಯವಾಗಿ ಒಂದು ಸಾಲೂ ಇರಲಿಲ್ಲ. ಸಂತ ಪೌಲನು ಕೊರಿಂಥದ ಸಭೆಯವರಿಗೆ ಬರೆಯುವಾಗ ನೆಡುವವರ ಕೆಲಸವನ್ನೂ ನೀರೆರೆಯುವವರ ಕೆಲಸವನ್ನೂ ಬೇರೆ ಬೇರೆಯಾಗಿ ಎಣಿಸಿ, ಬೆಳೆಸುವುದನ್ನು ದೇವರಿಗೆ ಬಿಟ್ಟಿರುವನು. ಆ ನೋಟುಬುಕ್ಕನ್ನು ಓದಿದಾಗ ನಮಗೆ ಆ ಮಾತು ಹೊಸದಾಗಿ ಅರ್ಥವಾಯಿತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಶಾಲೆಯಲ್ಲಿ ಹೀಗೆ ಮೂರು ತಿಂಗಳು, ಆರು ತಿಂಗಳುಗಳ ಕೆಲಸಗಳು ಆಗಾಗ ಬರುವುವು; ಸಂಬಳ ಸ್ವಲ್ಪ, ಭರವಸೆ ಇನ್ನೂ ಸ್ವಲ್ಪ. ಆದರೂ ನಿಮ್ಮಲ್ಲಿ ಪರೀಕ್ಷೆಯ ಫಲಕ್ಕೋ, ನೇಮಕದ ಕಾಗದಕ್ಕೋ ಕಾದಿರುವವರು ಆ ಅವಧಿಯನ್ನು ನಮ್ಮ ಬಾಲಿಕೆಯರಿಗೆ ಕೊಡಲು ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ತಾಯಿತಂದೆಗಳೇ, ಬಂದವರು ಎಷ್ಟು ದಿನ ಇರುವರೆಂದು ಕೇಳುವುದಕ್ಕೆ ಮೊದಲು, ಇರುವಷ್ಟು ದಿನ ಹೇಗಿರುವರೆಂದು ನೋಡಿರಿ. ಯೋಚಿಸಿದರೆ ಈ ಶಾಲೆಯನ್ನು ನಡೆಸುವ ನಾವೆಲ್ಲರೂ ಹಂಗಾಮಿಯವರೇ. ನಮ್ಮ ಹಿಂದಿನವರಿಂದ ಪಡೆದುದನ್ನು ಮುಂದಿನವರಿಗೆ ಒಪ್ಪಿಸತಕ್ಕವರು. ಚೆಂಡು ಕೈಯಲ್ಲಿರುವಷ್ಟು ಹೊತ್ತು ಕಣ್ಣು ಸರಿಯಾದ ಕಡೆಗಿರುವಂತೆ ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.