ಬಾಗಳಿಯ ಸುತ್ತಣ ಹಾದಿಯಲ್ಲಿ ನಾಲ್ಕು ದಿನ

ದ್ವೀಪರಾಷ್ಟ್ರಗಳನ್ನು ತಾವೇ ಕಾರು ನಡೆಸಿಕೊಂಡು ಸುತ್ತಿ ಬಂದವರ ಮಾತು ಈಗ ನಮ್ಮ ಸಮಾಜದ ಮನೆಗಳಲ್ಲಿ ಅಪರೂಪವೇನಲ್ಲ. ಮಕ್ಕಳು ಉದ್ಯೋಗನಿಮಿತ್ತ ಹೊರದೇಶಗಳಲ್ಲಿ ನೆಲೆಸಿದ ಮೇಲೆ ನ್ಯೂಜಿಲೆಂಡಿನ ಸರೋವರಗಳೂ ಐಸ್‌ಲೆಂಡಿನ ಜಲಪಾತಗಳೂ ನಮ್ಮ ಪಡಸಾಲೆಯ ಮಾತುಕತೆಗೆ ಬಂದಿವೆ. ಐಸ್‌ಲೆಂಡಿನಲ್ಲಿ ಇಡೀ ದ್ವೀಪವನ್ನು ಬಳಸಿ ಬರುವ ಸುಮಾರು 1,300 ಕಿ.ಮೀ. ಉದ್ದದ ವರ್ತುಲ ರಸ್ತೆಯೊಂದಿದೆ. ಅದು ಪೂರ್ಣಗೊಂಡುದು 1974ರಲ್ಲಿ. ಹೊರಟ ಸ್ಥಳಕ್ಕೇ ಮರಳಿ ತಂದುಬಿಡುವ ಆ ರಸ್ತೆಯ ವರ್ಣನೆಯನ್ನು ಬಂಧುಗಳೊಬ್ಬರ ಮಗ ಹೇಳುತ್ತಿದ್ದಾಗ, ಮೂಲೆಯಲ್ಲಿ ಕುಳಿತು ಆಲಿಸುತ್ತಿದ್ದ ನಮ್ಮ ತಾಯಿಯವರು, "ನಮ್ಮ ಕಡೆನೂ ಹಂಗೆ ಒಂದು ಸುತ್ತು ಹಾಕಿ ಬರಾಕ ಆಗಲ್ಲೇನಪ್ಪಾ?" ಎಂದು ಕೇಳಿದರು. ಎಪ್ಪತ್ತೆಂಟರ ವಯಸ್ಸು, ಬಸ್ಸು ಹತ್ತಿ ಇಳಿಯುವ ತ್ರಾಣವಿಲ್ಲ. ನಮ್ಮದೇ ಗಾಡಿಯಲ್ಲಿ, ಅವರಿಗೆ ಬೇಕೆಂದಲ್ಲಿ ನಿಂತು, ಸಾಕೆಂದಾಗ ಹೊರಟು, ಬಾಗಳಿಯಿಂದ ಬಾಗಳಿಗೆ ಒಂದು ವರ್ತುಲವನ್ನು ಪೂರೈಸುವುದೆಂದು ನಿಶ್ಚಯಿಸಿದೆವು. ಮೊಮ್ಮಕ್ಕಳಿಬ್ಬರೂ ಜೊತೆಗೂಡಿದರು.

ಬಾಗಳಿಯು ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿ. ಕುಳಿತಲ್ಲಿಯೇ ಕುಳಿತು ಅನೇಕ ಆಡಳಿತಗಳನ್ನು ಕಂಡ ಸೀಮೆಯಿದು. 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ತಾಲೂಕು, ಅಂದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಹೊಸದಾಗಿ ರೂಪುಗೊಂಡ ವಿಜಯನಗರ ಜಿಲ್ಲೆಯ ಭಾಗವಾಯಿತು. ನಮ್ಮ ವರ್ತುಲದಲ್ಲಿ ಬರುವ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು ತಾಲೂಕುಗಳೂ ಇಂದು ಇದೇ ಜಿಲ್ಲೆಯವು. ಮಾರ್ಗಶಿರ ಮಾಸದ ಒಂದು ಬೆಳಗು, ಬುತ್ತಿಯ ಗಂಟು, ನೀರಿನ ಬಿಂದಿಗೆ, ತಾಯಿಯವರ ಕಂಬಳಿ ಇಷ್ಟನ್ನು ಗಾಡಿಗೇರಿಸಿಕೊಂಡು ಹೊರಟೆವು.

ಬಾಗಳಿಯ ಕಲ್ಲೇಶ್ವರ

ಬಾಗಳಿಯ ಕಲ್ಲೇಶ್ವರ ದೇವಾಲಯವು ಹತ್ತನೆಯ ಶತಮಾನದ್ದು. ರಾಷ್ಟ್ರಕೂಟರ ಕೊನೆಗಾಲದಲ್ಲಿ ಮೊದಲಾಗಿ ಕಲ್ಯಾಣದ ಚಾಲುಕ್ಯರ ಆರಂಭಕಾಲದಲ್ಲಿ ಬೆಳೆದ ಕಟ್ಟಡವಿದು. ದುಗ್ಗಿಮಯ್ಯನೆಂಬವನು ಕಲ್ಲೇಶ್ವರನನ್ನು ಪ್ರತಿಷ್ಠಾಪಿಸಿದನೆಂದೂ, ಚಾಲುಕ್ಯ ಚಕ್ರವರ್ತಿ ಇಮ್ಮಡಿ ತೈಲಪನ ಕಾಲದಲ್ಲಿ, 987ರಲ್ಲಿ, ಇದಕ್ಕೆ ದತ್ತಿ ದೊರೆಯಿತೆಂದೂ ಶಾಸನಗಳು ತಿಳಿಸುತ್ತವೆ. ಈ ಒಂದೇ ಊರಿನಲ್ಲಿ ಹಳಗನ್ನಡದ 36 ಶಾಸನಗಳು ದೊರೆತಿವೆ. ಸಭಾಮಂಟಪದಲ್ಲಿ ಐವತ್ತರಷ್ಟು ಕಂಬಗಳು. ತಿರುಗಣಿಗೆ ಹಿಡಿದಂತೆ ನುಣುಪಾದ ಅವುಗಳ ಮೈಯಲ್ಲಿ ಬೆಳಗಿನ ಬಿಸಿಲು ಜಾರುತ್ತಿತ್ತು. ಶಿವನ ಗುಡಿಯೊಡನೆ ಸೂರ್ಯನಿಗೂ ನರಸಿಂಹನಿಗೂ ಇಲ್ಲಿ ನೆಲೆಯಿದೆ.

ಮಕ್ಕಳು ಒಂದು ಶಾಸನಕಲ್ಲಿನ ಮುಂದೆ ಬಹಳ ಹೊತ್ತು ಕುಳಿತರು. ಇಂಗ್ಲಿಷ್ ಶಾಲೆಯಲ್ಲಿ ಓದುವ ಆ ಹುಡುಗರು ಬೆರಳಿನಿಂದ ತಡವುತ್ತ ಎರಡು ಮೂರು ಅಕ್ಷರಗಳನ್ನು ಗುರುತಿಸಿ, "ಇದು ಗ, ಇದು ರ" ಎಂದು ಕೂಗಿದಾಗ ನಮಗಾದ ಆನಂದ ಅಷ್ಟಿಷ್ಟಲ್ಲ. ಸಾವಿರ ವರ್ಷಗಳ ಹಿಂದೆ ಕೊರೆದ ಅಕ್ಷರವೊಂದು ಮನೆಯ ಕೂಸಿನ ಗುರುತಿಗೆ ಸಿಕ್ಕುವುದು ಸಾಮಾನ್ಯ ಸಂಗತಿಯಲ್ಲ. ನಾವು ಅಲ್ಲಿ ಕಳೆದ ಎರಡು ಗಂಟೆಗಳಲ್ಲಿ ಬಂದ ಅನ್ಯ ಯಾತ್ರಿಕರು ಒಬ್ಬರೂ ಇಲ್ಲ. ಹಂಪೆಗೆ ಸಾಲುಗಟ್ಟಿ ಹೋಗುವ ವಾಹನಗಳು ಇತ್ತ ತಿರುಗುವುದು ವಿರಳ. ಗುಡಿಯು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆಯೆಂಬುದು ನಿಜ. ಆದರೆ ಇಲಾಖೆ ಕಲ್ಲನ್ನು ಕಾಯಬಲ್ಲುದಲ್ಲದೆ ಕಲ್ಲಿನ ನೆನಪನ್ನು ಕಾಯಲಾರದು. ಅದು ಮನೆತನಗಳ ಕೆಲಸ.

ತುಂಗಭದ್ರೆಯ ದಂಡೆ

ಬಾಗಳಿಯಿಂದ ಪಶ್ಚಿಮಕ್ಕೆ, ತುಂಗಭದ್ರೆಯ ಕಡೆಗೆ ಗಾಡಿ ತಿರುಗಿತು. ಈ ರಸ್ತೆಗಳಲ್ಲಿ ಗಾಡಿ ನಡೆಸುವವರು ಮೊದಲು ಕಲಿಯಬೇಕಾದ ಪಾಠವೊಂದಿದೆ. ಸುಗ್ಗಿಯ ದಿನಗಳಲ್ಲಿ ರೈತರು ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಅರ್ಧಕ್ಕೇ ಹರವಿರುತ್ತಾರೆ. ರಾಗಿ ಹುಲ್ಲನ್ನೂ ಹುರುಳಿಯನ್ನೂ ವಾಹನಗಳ ಗಾಲಿಗೇ ಒಡ್ಡಿ ಒಕ್ಕಣೆ ಮಾಡುತ್ತಾರೆ. ಅಂಚಿಗೆ ಸಾಲಾಗಿ ಇಟ್ಟ ಕಲ್ಲುಗಳೇ ಅವರ ಎಚ್ಚರಿಕೆಯ ಫಲಕ. ರಾತ್ರಿ ಪ್ರಯಾಣಿಸುವವರಿಗೆ ಇದರಿಂದ ಅಪಾಯವುಂಟೆಂಬುದು ಸತ್ಯ. ಕಣದ ಜಾಗವಿಲ್ಲದ ಬಡ ರೈತನಿಗೆ ಬೇರೆ ದಾರಿಯಿಲ್ಲವೆಂಬುದೂ ಸತ್ಯ. ನಾವು ಹಗಲಿನಲ್ಲಿ ಮಾತ್ರ ಚಲಿಸುವ ನಿಯಮವನ್ನಿಟ್ಟುಕೊಂಡೆವು. ನ್ಯೂಜಿಲೆಂಡಿನಲ್ಲಿ ಒಂದೇ ವಾಹನ ಹಿಡಿಯುವ ಸೇತುವೆಗಳು ಬಹಳವಂತೆ. ಯಾರು ನಿಂತು ಯಾರಿಗೆ ದಾರಿ ಬಿಡಬೇಕೆಂಬುದನ್ನು ಅಲ್ಲಿನ ಫಲಕಗಳು ತಿಳಿಸುತ್ತವೆ. ನಮ್ಮಲ್ಲಿ ಫಲಕವಿಲ್ಲದಿದ್ದರೂ, ಜೋಳ ಕೂಡಿಸುತ್ತಿರುವ ಹೆಣ್ಣುಮಗಳನ್ನು ಕಂಡು ಗಾಡಿ ನಿಲ್ಲಿಸುವುದಕ್ಕೆ ಫಲಕವೇಕೆ ಬೇಕು?

ಕುರುವತ್ತಿಯು ನದಿಯ ದಂಡೆಯ ಪುಣ್ಯಕ್ಷೇತ್ರ. ಇಲ್ಲಿಯ ಮಲ್ಲಿಕಾರ್ಜುನ ದೇವಾಲಯದ ದ್ವಾರದ ಕಂಬಗಳ ಮೇಲೆ ಬಳುಕಿ ನಿಂತ ಮದನಿಕೆಯರು ಚಾಲುಕ್ಯ ಶಿಲ್ಪದ ಅತ್ಯುತ್ತಮ ಕೃತಿಗಳಲ್ಲಿ ಗಣ್ಯರು. ಒಳಗಿನ ಬೃಹತ್ ನಂದಿಯೇ ಸುತ್ತಣ ಜನರಿಗೆ ಕುರುವತ್ತಿ ಬಸವಣ್ಣ. ಶಿವರಾತ್ರಿಯ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವನ್ನು ತಾಯಿಯವರು ಮಕ್ಕಳಿಗೆ ವಿವರಿಸಿದರು. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ಗುಣವಾಗದ ರೋಗಕ್ಕೆ ತುತ್ತಾಗಿ 1068ರಲ್ಲಿ ಇದೇ ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಹೊಕ್ಕು ಪ್ರಾಣತ್ಯಾಗ ಮಾಡಿದನು. ಕಲ್ಯಾಣವನ್ನು ರಾಜಧಾನಿಯಾಗಿಸಿದ ದೊರೆಗೆ ಕೊನೆಗೆ ಆಶ್ರಯವಾದುದು ಈ ನೀರು. ಬಟ್ಟೆ ಒಗೆಯುವ ಕಲ್ಲುಗಳ ನಡುವೆ ನಿಂತು ನೋಡಿದಾಗ ಹೊಳೆ ಏನೂ ಅರಿಯದಂತೆ ಹರಿಯುತ್ತಿತ್ತು.

ನದಿಯ ಗುಂಟ ಮುಂದೆ ಸಾಗಿದರೆ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕಕ್ಕೆ ಲಕ್ಷಾಂತರ ಜನ ಕಿವಿಗೊಟ್ಟು ನಿಲ್ಲುತ್ತಾರೆ. ನಾವು ಹೋದಾಗ ಜಾತ್ರೆಯಿಲ್ಲದ ಮೈಲಾರ ಶಾಂತವಾಗಿತ್ತು. ಹಿರೇಹಡಗಲಿಯ ಚಾಲುಕ್ಯ ಗುಡಿಯನ್ನು ನೋಡಿಕೊಂಡು, ಸಂಜೆಗೆ ಹೂವಿನಹಡಗಲಿಯನ್ನು ತಲುಪಿದೆವು.

ಹೂವು ಮತ್ತು ಹಕ್ಕಿ

ಹಡಗಲಿಯಿಂದ ವಿಜಯನಗರದ ಅರಸರ ಪೂಜೆಗೆ ಹೊಳೆಯ ಮಾರ್ಗವಾಗಿ ಹೂವು ಹೋಗುತ್ತಿತ್ತೆಂಬ ಐತಿಹ್ಯ ಊರಿನ ಹೆಸರಿನೊಡನೆ ಬೆಳೆದು ಬಂದಿದೆ. ಹಡಗಲಿ ಮಲ್ಲಿಗೆಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮಲ್ಲಿಗೆಯ ಸಮೃದ್ಧಿ ಬೇಸಗೆಯಲ್ಲಿ. ಚಳಿಗಾಲವಾದ್ದರಿಂದ ನಮಗೆ ದೊರೆತುದು ಒಂದೆರಡು ಮೊಳ ಮಾತ್ರ. ಅದನ್ನೇ ತಾಯಿಯವರು ಇಷ್ಟಲಿಂಗ ಪೂಜೆಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು.

ಎರಡನೆಯ ದಿನ ಹಗರಿಬೊಮ್ಮನಹಳ್ಳಿಯ ಕಡೆಗೆ ಸಾಗಿದೆವು. ಈ ತಾಲೂಕಿನ ಅಂಕಸಮುದ್ರದ ಕೆರೆಯನ್ನು ಕಾಣದೆ ಯಾರೂ ಮುಂದೆ ಹೋಗಬಾರದು. ಸುಮಾರು 98 ಹೆಕ್ಟೇರು ವಿಸ್ತಾರದ ಈ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಮನ್ನಣೆ ದೊರೆಯಿತು. ನೀರಿನ ನಡುವೆ ಕರಿಜಾಲಿಯ ಮರಗಳು ಗುಂಪುಗುಂಪಾಗಿ ನಿಂತಿವೆ; ಒಂದೊಂದು ಗುಂಪೂ ಒಂದೊಂದು ದ್ವೀಪ. ಆ ದ್ವೀಪಗಳ ತುಂಬ ಬಣ್ಣದ ಕೊಕ್ಕರೆ, ಬಿಳಿಯ ಕೆಂಬರಲು, ನೀರುಕಾಗೆಗಳ ಸಂಸಾರ. ಸಂಜೆಯಾದಂತೆ ಆಕಾಶದ ನಾಲ್ಕು ದಿಕ್ಕುಗಳಿಂದ ಸಾಲುಸಾಲಾಗಿ ಅವು ಮನೆಗೆ ಮರಳುವ ದೃಶ್ಯ ವರ್ಣನಾತೀತ. ನೀರಾವರಿಗಾಗಿ ಮನುಷ್ಯರು ಕಟ್ಟಿದ ಕೆರೆಯಲ್ಲಿ ಹಕ್ಕಿಗಳೂ ತಮ್ಮ ಪಾಲನ್ನು ಪಡೆದಿವೆ. ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಪುಣ್ಯಕಾರ್ಯವೆಂದು ಏಕೆ ಎಣಿಸಿದರೆಂಬುದು ಏರಿಯ ಮೇಲೆ ನಿಂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೂಡ್ಲಿಗಿಯ ನಿಲ್ದಾಣದಲ್ಲಿ

ಕೂಡ್ಲಿಗಿಯಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವನ್ನು ಒಳಗೊಂಡ ಹುತಾತ್ಮರ ಸ್ಮಾರಕವಿದೆ. ಅಲ್ಲಿ ಕೈಮುಗಿದು ಹೊರಬಂದು, ಚಹಾ ಕುಡಿಯಲೆಂದು ಬಸ್ ನಿಲ್ದಾಣದ ಬಳಿ ನಿಂತೆವು. ಪಾತ್ರೆ, ಹಾಸಿಗೆ, ಹಿಟ್ಟಿನ ಚೀಲಗಳನ್ನು ಗಂಟು ಕಟ್ಟಿಕೊಂಡು ಆರೇಳು ಸಂಸಾರಗಳು ಅಲ್ಲಿ ಕುಳಿತಿದ್ದವು. ಒಬ್ಬ ತಾಯಿಯ ಮಡಿಲಲ್ಲಿ ಎಳೆಗೂಸು.

"ಎಲ್ಲಿಗೆ ಹೊಂಟೀರವ್ವಾ?" ಎಂದರು ನಮ್ಮ ತಾಯಿಯವರು.

"ಕಾಫಿ ಸೀಮಿಗೆ ಹೊಂಟೀವಮ್ಮಾ. ಮಳೆ ಕೈಕೊಡ್ತು. ಕೊಟ್ರಪ್ಪಜ್ಜನ ತೇರಿಗೆ ಬಂದು ಹೋಕೀವಿ."

ಇದೇ ಗುಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಡ್ಲಿಗಿ, ಹರಪನಹಳ್ಳಿಗಳ ಅನೇಕ ಕುಟುಂಬಗಳು ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ತೋಟಗಳಿಗೆ ದುಡಿಯಲು ಹೋಗುತ್ತವೆ. ನಾವು ಸಂತೋಷಕ್ಕಾಗಿ ಹಿಡಿದ ರಸ್ತೆಯನ್ನೇ ಅವರು ಹೊಟ್ಟೆಗಾಗಿ ಹಿಡಿದಿದ್ದಾರೆ. ಗಾಡಿಯಲ್ಲಿದ್ದ ರೊಟ್ಟಿಯ ಬುತ್ತಿಯನ್ನು ತಾಯಿಯವರು ಆ ಮಕ್ಕಳಿಗೆ ಹಂಚಿದರು. ಮುಂದೆ ಬಹಳ ದೂರದವರೆಗೆ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ. ಕಡೆಗೆ ಕಿರಿಯ ಮೊಮ್ಮಗನೇ, "ಅಜ್ಜಿ, ತೇರಿನ ಹೊತ್ತಿಗೆ ಅವರು ಬರ್ತಾರಾ?" ಎಂದು ಕೇಳಿದನು. "ಬರ್ತಾರಪ್ಪಾ, ಅಜ್ಜ ಕರಸ್ಕೋತಾನ" ಎಂದರು ಅವರು.

ಕೊಟ್ಟೂರು, ಉಜ್ಜಿನಿ

ಮೂರನೆಯ ದಿನ ಕೊಟ್ಟೂರು. ಶ್ರೀ ಗುರು ಕೊಟ್ಟೂರು ಬಸವೇಶ್ವರರ ಈ ನೆಲೆ ನಮ್ಮ ವಾಚಕರಿಗೆ ಅಪರಿಚಿತವಲ್ಲ. ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠಗಳನ್ನು ನಿಧಾನವಾಗಿ ದರ್ಶಿಸಿದೆವು. ಮಾಘ ಬಹುಳದಲ್ಲಿ ನಡೆಯುವ ರಥೋತ್ಸವಕ್ಕೆ ದಾವಣಗೆರೆ ಮೊದಲಾದ ಕಡೆಗಳಿಂದ ಸಾವಿರಾರು ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ; ದಾರಿಯುದ್ದಕ್ಕೂ ಹಳ್ಳಿಗಳವರು ಅವರಿಗೆ ಅನ್ನ, ಮಜ್ಜಿಗೆ ನೀಡುತ್ತಾರೆ. 2017ರ ಫೆಬ್ರವರಿ 21ರಂದು ಎಳೆಯುತ್ತಿದ್ದ ತೇರು ಉರುಳಿಬಿದ್ದು ಹಲವರು ಗಾಯಗೊಂಡರು. ಆಮೇಲೆ ಹೊಸ ತೇರು ನಿರ್ಮಾಣವಾಯಿತು. ಭಕ್ತರು ಬರುವುದು ನಿಲ್ಲಲಿಲ್ಲ. ತರುಣಿಯಾಗಿದ್ದಾಗ ಹರಪನಹಳ್ಳಿಯಿಂದ ನಡೆದೇ ಬರುತ್ತಿದ್ದ ತಾಯಿಯವರು ಮಹಾದ್ವಾರದ ಬಹು ಮುಂಚೆಯೇ ಗಾಡಿ ನಿಲ್ಲಿಸಲು ಹೇಳಿ, ಮೊಮ್ಮಕ್ಕಳ ಹೆಗಲು ಹಿಡಿದು ಉಳಿದ ದಾರಿಯನ್ನು ನಡೆದರು. ನಾವು ಬೇಡವೆನ್ನಲಿಲ್ಲ.

ಚಲಿಸುವುದೆಲ್ಲ ಜಂಗಮವಲ್ಲವೆಂಬ ಮಾತು ಅಂದು ಮನಸ್ಸಿಗೆ ಹೊಳೆಯಿತು. ವಾಹನವು ದೂರವನ್ನು ಕಡಿಮೆ ಮಾಡಬಲ್ಲುದು. ಆದರೆ ಕಡೆಯ ನೂರು ಹೆಜ್ಜೆಗಳನ್ನು ಮನುಷ್ಯನೇ ಇಡಬೇಕು.

ನಾಲ್ಕನೆಯ ದಿನ ಉಜ್ಜಿನಿ. ಪಂಚಪೀಠಗಳಲ್ಲೊಂದಾದ ಉಜ್ಜಯಿನಿ ಸದ್ಧರ್ಮ ಪೀಠದ ಸ್ಥಳವಿದು. "ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು" ಎಂಬ ನಾಣ್ಣುಡಿ ಈ ಸೀಮೆಯಲ್ಲೆಲ್ಲ ಬಳಕೆಯಲ್ಲಿದೆ. ಮರುಳಸಿದ್ಧೇಶ್ವರ ದೇವಾಲಯದ ಕಂಬಗಳನ್ನೂ ಒಳಛಾವಣಿಯ ಕೆತ್ತನೆಯನ್ನೂ ಕತ್ತೆತ್ತಿ ನೋಡಿದವರಿಗೆ ಆ ಮಾತಿನ ಸತ್ಯ ತಿಳಿಯುತ್ತದೆ. ಇಲ್ಲಿಯ ಜಾತ್ರೆಯ ಸಂದರ್ಭದಲ್ಲಿ ನಡೆಯುವ ಶಿಖರ ತೈಲಾಭಿಷೇಕ ನಾಡಿನಲ್ಲೇ ವಿಶಿಷ್ಟವಾದುದು. ಗುಡಿಯ ಕಲ್ಲಿನ ಶಿಖರಕ್ಕೇ ಎಣ್ಣೆಯೆರೆಯುತ್ತಾರೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವ ಸಂಪ್ರದಾಯ ಇಂದಿಗೂ ಉಳಿದಿದೆ. ಅರಸೊತ್ತಿಗೆ ಹೋದರೂ ಹೊಣೆಯನ್ನು ಬಿಡದ ಮನೆತನವದು. ಬಾಗಳಿಯ ಗುಡಿಯ ವಿಷಯದಲ್ಲಿ ಮನೆತನಗಳ ಕೆಲಸವೆಂದು ನಾವು ಮೊದಲೇ ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಉಜ್ಜಿನಿಯಿಂದ ಹರಪನಹಳ್ಳಿಯ ಮಾರ್ಗವಾಗಿ ಬಾಗಳಿಗೆ ಮರಳಿದಾಗ ಗಾಡಿಯ ಮೀಟರಿನಲ್ಲಿ ಮುನ್ನೂರು ಕಿ.ಮೀ. ಕೂಡ ತುಂಬಿರಲಿಲ್ಲ.

ಹೊರಡುವವರಿಗೆ ಕೆಲವು ಮಾತು

ಕುಟುಂಬಸಮೇತರಾಗಿ ಈ ವರ್ತುಲವನ್ನು ಸುತ್ತಬಯಸುವವರು ಕಾರ್ತಿಕದಿಂದ ಮಾಘದವರೆಗಿನ ಕಾಲವನ್ನು ಆರಿಸಿಕೊಳ್ಳುವುದು ಲೇಸು. ಹಕ್ಕಿಗಳೂ ಆಗ ಇರುತ್ತವೆ, ಬಿಸಿಲೂ ಸಹ್ಯ. ಮೈಲಾರ, ಕೊಟ್ಟೂರುಗಳ ಜಾತ್ರೆಯ ದಿನಗಳಲ್ಲಿ ಗಾಡಿಗೆ ದಾರಿ ಸಿಗದು. ಆಗ ಹೋಗುವುದಾದರೆ ಭಕ್ತರಾಗಿ ನಡೆದು ಹೋಗಬೇಕು. ಪಾದಯಾತ್ರಿಗಳು ರಸ್ತೆಯಲ್ಲಿರುವ ದಿನಗಳಲ್ಲಂತೂ ವೇಗವನ್ನು ತಗ್ಗಿಸುವುದು ಗಾಡಿ ನಡೆಸುವವನ ಧರ್ಮ. ಮೊಬೈಲಿನ ನಕ್ಷೆ ದೂರವನ್ನು ತಿಳಿಸುತ್ತದೆ. ಹಳ್ಳ ತುಂಬಿದೆಯೇ, ದಾರಿಯಲ್ಲಿ ಒಕ್ಕಣೆ ನಡೆದಿದೆಯೇ ಎಂಬುದನ್ನು ಊರ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನೇ ಕೇಳಬೇಕು.

ಐಸ್‌ಲೆಂಡಿನಲ್ಲಿ ರಸ್ತೆ ಬಿಟ್ಟು ಗಾಡಿ ಹಾಯಿಸುವುದು ಕಾನೂನುಬಾಹಿರ. ಗಾಲಿಗೆ ಸಿಕ್ಕಿ ಸತ್ತ ಪಾಚಿ ಮತ್ತೆ ಹಬ್ಬಲು ದಶಕಗಳೇ ಬೇಕಂತೆ. ಅಲ್ಲಿಗೆ ಹೋದಾಗ ಇಂತಹ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವ ನಮ್ಮ ಮಕ್ಕಳು ಬಾಗಳಿಯ ಅಂಗಳದಲ್ಲಿಯೂ ಅದೇ ಶಿಸ್ತನ್ನು ತೋರಬಾರದೇಕೆ? ಗುಡಿಯ ಕಟ್ಟೆಯವರೆಗೆ ಗಾಡಿ ತರುವುದು, ಕಂಬದ ಮೇಲೆ ಹೆಸರು ಗೀಚುವುದು, ಕೆರೆಯೇರಿಯಲ್ಲಿ ಪ್ಲಾಸ್ಟಿಕ್ ಬಿಸಾಡುವುದು ಇವನ್ನು ಹಿರಿಯರೇ ಮುಂದೆ ನಿಂತು ತಡೆಯಬೇಕು. ಪಾಚಿ ಮತ್ತೆ ಹಬ್ಬೀತು. ಸಾವಿರ ವರ್ಷದ ಅಕ್ಷರ ಸವೆದರೆ ಮರಳಿ ಬಾರದು.

ಮುಂದಿನ ರಜೆಯಲ್ಲಿ ಮನೆಯ ಹಿರಿಯರೊಬ್ಬರನ್ನೂ ಕಿರಿಯರೊಬ್ಬರನ್ನೂ ತಪ್ಪದೆ ಜೊತೆಗೆ ಕರೆದುಕೊಂಡು ಸಮಾಜಬಾಂಧವರು ಈ ಹಾದಿಯನ್ನು ಒಮ್ಮೆ ಸುತ್ತಿ ಬರಲಿ ಎಂದು ಹಾರೈಸುತ್ತೇವೆ. ಹಿರಿಯರಿಗೆ ನೆನಪಿರುವುದನ್ನು ಕಿರಿಯರು ಕೇಳಿಸಿಕೊಳ್ಳಲು ಗಾಡಿಯ ಹಿಂದಿನ ಸೀಟಿನಷ್ಟು ಪ್ರಶಸ್ತವಾದ ಸ್ಥಳ ಇಂದಿನ ಮನೆಗಳಲ್ಲಿ ಬೇರೊಂದಿಲ್ಲ.