ಹಾಲಿನಲ್ಲಿ ನನ್ನ ಪಾಲು

ಚೆನ್ನೈಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಐದೂವರೆಗೆ ಬಾಗಿಲ ಹೊರಗೆ ಯಾರೋ ‘ಪಾಲ್’ ಎಂದು ಕೂಗಿದರು. ನಿದ್ದೆಗಣ್ಣಿನಲ್ಲಿದ್ದ ನಾನು ‘ಯಾರ ಪಾಲು? ಯಾತರ ಪಾಲು?’ ಎಂದು ಗಾಬರಿಯಾಗಿ ಎದ್ದು ಕೂತಿದ್ದೆ. ಊರಲ್ಲಿ ಆಗ ಅಣ್ಣತಮ್ಮಂದಿರ ನಡುವೆ ಜಮೀನು ಪಾಲಾಗುತ್ತಿದ್ದ ಕಾಲ. ಹಳಗನ್ನಡದಲ್ಲೂ ಹಾಲಿಗೆ ‘ಪಾಲ್’ ಎಂದೇ ಹೇಳುತ್ತಿದ್ದರು, ನಾವು ಪಕಾರವನ್ನು ಹಕಾರ ಮಾಡಿಕೊಂಡೆವು, ತಮಿಳರು ಹಾಗೇ ಉಳಿಸಿಕೊಂಡರು ಎಂದು ಆಮೇಲೆ ಗಂಡನಿಗೆ ವಿವರಿಸಿ ನಕ್ಕಿದ್ದೆ. ಇಪ್ಪತ್ತು ವರ್ಷದ ಮೇಲೆ, ಕಳೆದ ವರ್ಷ, ಆ ತಮಾಷೆ ನಿಜವಾದ ಪ್ರಶ್ನೆಯಾಗಿ ತಿರುಗಿ ಬಂತು.

ಒಂದು ಸಂಜೆ ರಿಲೀಸ್ ಕಾಲ್‌ನಲ್ಲಿದ್ದಾಗ ತಮ್ಮನ ಫೋನು. ಮದ್ದೂರಿನ ಹತ್ತಿರದ ನಮ್ಮೂರಿನಲ್ಲಿ ಅವ್ವ ಹಿತ್ತಲ ಕಲ್ಲಿನ ಮೇಲೆ ಜಾರಿದ್ದಳು. ಎತ್ತರದಿಂದ ಬಿದ್ದದ್ದಲ್ಲ, ನಿಂತಲ್ಲೇ ಕುಸಿದದ್ದು. ಸೊಂಟದ ಮೂಳೆ ಮುರಿದಿತ್ತು. ಅವಳಿಗೆ 69. ರಾತ್ರಿಯ ಬಸ್ಸು ಹಿಡಿದು ಹೋದೆ. ಆಪರೇಷನ್ ಮುಗಿಸಿ ಬಂದ ವೈದ್ಯರು ಎಕ್ಸ್‌ರೇ ತೋರಿಸಿ, ‘ಮೂಳೆ ಪೂರ್ತಿ ಟೊಳ್ಳಾಗಿದೆ’ ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ನಿಮಗೆಷ್ಟು ವಯಸ್ಸು?’

‘47.’

‘ಮುಟ್ಟು ಸರಿಯಾಗಿ ಆಗ್ತಿದೆಯಾ?’

ಆಗುತ್ತಿರಲಿಲ್ಲ. ಒಂದೂವರೆ ವರ್ಷದಿಂದ ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಎಸಿ ಹದಿನೆಂಟಕ್ಕಿದ್ದರೂ ಮೀಟಿಂಗಿನ ನಡುವೆ ಕತ್ತಿನಿಂದ ಬೆಂಕಿ ಏರಿದ ಹಾಗೆ ಬೆವರು. ಅದಕ್ಕೆಲ್ಲ ಚೆನ್ನೈನ ಸೆಕೆ, ಡೆಡ್‌ಲೈನು ಎಂದು ಹೆಸರಿಟ್ಟಿದ್ದೆ. ‘ನೀವೂ ಒಂದು ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿ’ ಎಂದು ಅವರು ಹೊರಟರು.

ಚೆನ್ನೈಗೆ ಬಂದು ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 1.8. ಮೈನಸ್ 1ರವರೆಗೆ ಸರಿ, ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೋಪೊರೋಸಿಸ್. ನಾನು ನಡುವಿನ ಆಸ್ಟಿಯೋಪೀನಿಯಾದಲ್ಲಿದ್ದೆ. ವಿಟಮಿನ್ ಡಿ 14. ಬೇಕಿದ್ದದ್ದು ಕನಿಷ್ಠ 20. ವರ್ಷವಿಡೀ ಬಿಸಿಲು ಸುರಿಯುವ ಊರಿನಲ್ಲಿದ್ದು ಎಸಿ ಕ್ಯಾಬಿನಿಂದ ಎಸಿ ಆಫೀಸಿಗೆ ಹೋಗಿಬರುವವಳಿಗೆ ಬಿಸಿಲು ಕಿಟಕಿಯ ಆಚೆಗಿನ ವಸ್ತು.

ಸ್ತ್ರೀರೋಗ ತಜ್ಞೆ ಕನ್ನಡಕ ಸರಿಸಿ ತಮಿಳಿನಲ್ಲಿ ಮೊದಲು ಕೇಳಿದ್ದು ಒಂದೇ ಮಾತು: ‘ಪಾಲ್ ಕುಡಿಪ್ಪೀಂಗಳಾ?’

‘ಮನೆಗೆ ದಿನಾ ಒಂದೂವರೆ ಲೀಟರ್ ಬರತ್ತೆ ಡಾಕ್ಟರ್’ ಎಂದೆ.

‘ಮನೆಗೆ ಎಷ್ಟು ಬರತ್ತೆ ಅಂತ ಕೇಳಲಿಲ್ಲ. ನೀವೆಷ್ಟು ಕುಡೀತೀರಿ?’

ನನಗೆ ಉತ್ತರ ಗೊತ್ತಿರಲಿಲ್ಲ. ಹದಿನಾಲ್ಕು ಜನರ ತಂಡದಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಗಂಟೆ ಕೊಡುತ್ತಾರೆ ಎಂದು ಬಾಯಿಪಾಠ ಹೇಳಬಲ್ಲವಳು, ನನ್ನ ಹೊಟ್ಟೆಗೆ ಏನು ಹೋಗುತ್ತದೆ ಎಂದು ಹೇಳಲಾರದೆ ಕೂತಿದ್ದೆ.

ಅಭ್ಯಾಸಬಲ, ಮನೆಗೆ ಬಂದವಳೇ ಒಂದು ಶೀಟ್ ತೆರೆದೆ. ಬೆಳಗಿನ ಜಾವ ಶೋಳಿಂಗನಲ್ಲೂರಿನ ಡೈರಿಯಿಂದ ಆವಿನ್ ಲಾರಿಗಳು ಹೊರಡುತ್ತವೆ. ನಮ್ಮ ಮನೆಗೆ ಬರುವುದು ಎರಡು ಹಸಿರು, ಒಂದು ನೀಲಿ ಪ್ಯಾಕೆಟ್. ಒಂದು ವಾರ ಪ್ರತಿ ಲೋಟವನ್ನೂ ಬರೆದಿಟ್ಟೆ. ಮಗನಿಗೆ ಎರಡು ಲೋಟ, ಮಗಳಿಗೆ ಒಂದು. ಗಂಡನಿಗೆ ಮೂರು ಹೊತ್ತು ಕಾಫಿ. ಅರ್ಧ ಲೀಟರ್ ಹೆಪ್ಪಿಗೆ. ಮೊಸರಿನಲ್ಲಿ ಗಟ್ಟಿಯದು ಮಕ್ಕಳ ಡಬ್ಬಿಗೆ, ಗಂಡನ ಊಟಕ್ಕೆ. ನನ್ನ ಸಾಲಿನಲ್ಲಿ ಎರಡು ಡಿಕಾಕ್ಷನ್ ಹೆಚ್ಚಾದ ಕಾಫಿ ಮತ್ತು ಪಾತ್ರೆಯ ತಳದ ಮೊಸರಿಗೆ ನೀರು ಬೆರೆಸಿದ ಮಜ್ಜಿಗೆ. ಊಟತಿಂಡಿಯ ಸೊಪ್ಪು, ಬೇಳೆ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ನನಗೆ ಸಿಗುತ್ತಿದ್ದ ಕ್ಯಾಲ್ಸಿಯಂ ದಿನಕ್ಕೆ 450 ಮಿಲಿಗ್ರಾಂ ದಾಟಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200.

ನನ್ನ ಪಾಲನ್ನು ಯಾರೂ ಕಸಿದಿರಲಿಲ್ಲ. ಗಂಡ ಆ ಶೀಟ್ ನೋಡಿ ನಿಜವಾಗಿ ಬೇಜಾರು ಮಾಡಿಕೊಂಡರು, ‘ಹೇಳಬಾರದಿತ್ತಾ’ ಎಂದರು. ಹೇಳಬೇಕು ಎಂದು ನನಗೇ ಹೊಳೆದಿರಲಿಲ್ಲ. ಇದನ್ನು ಎಲ್ಲಿ ಕಲಿತೆ ಎಂದು ಯೋಚಿಸಿದರೆ ಕಣ್ಣ ಮುಂದೆ ಬರುವುದು ಅವ್ವನೇ.

ನಮ್ಮ ಮನೆಯಲ್ಲಿ ಎರಡು ಸೀಮೆ ಹಸುಗಳಿದ್ದವು. ಅವ್ವ ನಸುಕಿಗೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಕ್ಯಾನು ಹಿಡಿದು ಡೈರಿಗೆ ನಡೆಯುತ್ತಿದ್ದಳು. ಸಾಲಲ್ಲಿ ನಿಂತು, ಲ್ಯಾಕ್ಟೋಮೀಟರ್ ಮುಳುಗಿಸಿ ಡಿಗ್ರಿ ನೋಡಿಸಿ, ಪಾಸ್ ಪುಸ್ತಕದಲ್ಲಿ ಬರೆಸಿಕೊಂಡು ಬರುವುದು. ಸಂಜೆ ಮತ್ತೆ ಅದೇ. ಅಲ್ಲಿಂದ ಆ ಹಾಲು ಗೆಜ್ಜಲಗೆರೆಯ ಒಕ್ಕೂಟಕ್ಕೆ, ಅಲ್ಲಿಂದ ನಂದಿನಿಯಾಗಿ ಊರೂರಿಗೆ. ನನ್ನ ಹಾಸ್ಟೆಲ್ ಫೀಸು, ಎಂಟೆಕ್‌ನ ಮೊದಲ ವರ್ಷದ ಖರ್ಚು ಬಂದದ್ದು ಹದಿನೈದು ದಿನಕ್ಕೊಮ್ಮೆ ಆಗುತ್ತಿದ್ದ ಡೈರಿಯ ಬಟವಾಡೆಯಿಂದ. ಮನೆಗೆ ಉಳಿಸಿಕೊಂಡ ಒಂದು ಲೀಟರಿನಲ್ಲಿ ಮೊದಲು ಅಪ್ಪನ ಟೀ, ಆಮೇಲೆ ನಾವು ಮೂವರು ಮಕ್ಕಳು, ಉಳಿದದ್ದು ಹೆಪ್ಪಿಗೆ. ಬೆಣ್ಣೆ ತೆಗೆದ ಮಜ್ಜಿಗೆಗೆ ಚೊಂಬಿನಿಂದ ನೀರು ಸುರಿದು ಅವ್ವ ಮುದ್ದೆ ಊಟದ ಕೊನೆಗೆ ಕುಡಿಯುತ್ತಿದ್ದಳು. ‘ನೀನೂ ಒಂದ್ ಲೋಟ ಹಾಲು ಕುಡಿಯವ್ವ’ ಎಂದರೆ ನಗು: ‘ನಾನೇನ್ ಕೂಸಾ, ಹಾಲ್ ಕುಡಿಯಕ್ಕೆ?’

ನನ್ನ ಎಂಜಿನಿಯರ್ ಬುದ್ಧಿಗೆ ಇಲ್ಲೊಂದು ಲೆಕ್ಕ ಕೂಡಲಿಲ್ಲ. ಅವ್ವ ದಿನಕ್ಕೆ ಎರಡು ಹೊತ್ತು ರಾಗಿಮುದ್ದೆ ತಿಂದವಳು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಸುವಿನ ಹಾಲಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು. ಬಿಸಿಲಲ್ಲಿ ದುಡಿದವಳು, ಹುಲ್ಲಿನ ಹೊರೆ ಹೊತ್ತವಳು. ಅವಳ ಮೂಳೆ ಯಾಕೆ ಟೊಳ್ಳಾಯಿತು?

ಉತ್ತರ ಟ್ರಂಕಿನಲ್ಲಿ ಸಿಕ್ಕಿತು. ಆಸ್ಪತ್ರೆಗೆ ಆಧಾರ್ ಕಾರ್ಡ್ ಹುಡುಕುವಾಗ ಮಡಿಚಿಟ್ಟ ಹಳೆಯ ಡಿಸ್ಚಾರ್ಜ್ ಚೀಟಿ ಕೈಗೆ ಬಂತು. 1994, ನಾನು ಪಿಯುಸಿಯಲ್ಲಿದ್ದ ವರ್ಷ. ಅವ್ವನಿಗೆ 39. ತುಂಬಾ ರಕ್ತ ಹೋಗುತ್ತದೆ ಎಂದು ಹೋದವಳಿಗೆ ಯಾವುದೋ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆದಿದ್ದರು. ಅಷ್ಟು ನನಗೆ ಗೊತ್ತಿತ್ತು, ಊರಲ್ಲಿ ಆ ಆಪರೇಷನ್ ಆದ ಹೆಂಗಸರು ಇನ್ನೂ ಎಷ್ಟೋ ಜನ ಇದ್ದರು. ಗೊತ್ತಿಲ್ಲದ್ದು ಚೀಟಿಯ ಕೊನೆಯ ಸಾಲಿನಲ್ಲಿತ್ತು: ಎರಡೂ ಅಂಡಾಶಯಗಳನ್ನೂ ತೆಗೆಯಲಾಗಿದೆ.

ಮೂಳೆ ಒಳಗೊಳಗೇ ದಿನವೂ ಕರಗುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಕರಗಿಸುವ ಜೀವಕೋಶಗಳಿಗೆ ಲಗಾಮು ಹಾಕಿ ಹಿಡಿಯುವುದು ಈಸ್ಟ್ರೋಜನ್, ಅದನ್ನು ಮಾಡುವುದು ಮುಖ್ಯವಾಗಿ ಅಂಡಾಶಯ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಒಂದೆರಡು ವರ್ಷ ಮೊದಲಿನಿಂದ ನಂತರದ ಕೆಲವು ವರ್ಷಗಳವರೆಗೆ ಮೂಳೆ ಸವೆಯುವ ವೇಗ ಅತಿ ಹೆಚ್ಚು. ಅವ್ವನಿಗೆ ಆ ಲಗಾಮು 39ಕ್ಕೇ, ಒಂದೇ ದಿನದಲ್ಲಿ ಕಡಿದುಹೋಗಿತ್ತು. ರಾಗಿಮುದ್ದೆ ಅಷ್ಟನ್ನೂ ತುಂಬಿಕೊಡಲಾರದು. ಹಾಲು ಕುಡಿದಿದ್ದರೂ ಪೂರ್ತಿ ತುಂಬುತ್ತಿರಲಿಲ್ಲ. ಆದರೆ ಹಾರ್ಮೋನ್ ಬಗ್ಗೆ, ಮೂಳೆ ಬಗ್ಗೆ, ಊಟದ ಬಗ್ಗೆ ಅವಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಕೇಳಿದೆ. ‘ಮೂರ್ ತಿಂಗ್ಳು ಭಾರ ಎತ್ತಬ್ಯಾಡ ಅಂದಿದ್ರು’ ಎಂದಳು. ಎರಡನೇ ತಿಂಗಳಿಗೆ ಕ್ಯಾನು ಹೊತ್ತಿದ್ದಳು.

ಹಾಗಾದರೆ ಹಾಲೇ ಮದ್ದೇ? ನನ್ನ ವಾಟ್ಸಾಪಿನ ಗೆಳತಿಯರಲ್ಲಿ ಎರಡು ಪಕ್ಷ. ಒಬ್ಬರಿಗೆ ಹಾಲು ಅಮೃತ, ಇನ್ನೊಬ್ಬರಿಗೆ ವಿಷ. ಓದಿ ನೋಡಿದರೆ ವಿಷಯ ಅಷ್ಟು ಸರಳವಿಲ್ಲ. 2014ರಲ್ಲಿ ಸ್ವೀಡನ್ನಿನ 61 ಸಾವಿರ ಹೆಂಗಸರ ಅಧ್ಯಯನ ಬಂತು. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಲೋಟ ಹಾಲು ಕುಡಿಯುವವರಲ್ಲಿ ಮೂಳೆ ಮುರಿತ ಕಡಿಮೆಯಾಗಿರಲಿಲ್ಲ, ಹೆಚ್ಚೇ ಇತ್ತು. ಮೊಸರಿನಂಥ ಹುಳಿಸಿದ ಹಾಲಿನಲ್ಲಿ ಆ ತೊಂದರೆ ಕಾಣಲಿಲ್ಲ. ಅದು ಬರೀ ನಂಟು ತೋರಿಸುವ ಅಧ್ಯಯನ, ಹಾಲೇ ಕಾರಣ ಎನ್ನಲಾಗದು ಎಂದು ಬರೆದವರೇ ಎಚ್ಚರಿಸಿದ್ದರು. 2021ರಲ್ಲಿ ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನೇರ ಪ್ರಯೋಗವೇ ನಡೆಯಿತು. ಅರ್ಧದಷ್ಟು ಆಶ್ರಮಗಳಲ್ಲಿ ಎರಡು ವರ್ಷ ಹಾಲು, ಮೊಸರು, ಚೀಸ್ ಹೆಚ್ಚಿಸಿದರು. ಅಲ್ಲಿ ಒಟ್ಟು ಮೂಳೆ ಮುರಿತ ಶೇ. 33ರಷ್ಟು, ಸೊಂಟದ ಮುರಿತ ಶೇ. 46ರಷ್ಟು ಕಡಿಮೆಯಾಯಿತು. ಅವರೆಲ್ಲ ಅದುವರೆಗೆ ಕ್ಯಾಲ್ಸಿಯಂ, ಪ್ರೋಟೀನ್ ಕಡಿಮೆ ತಿನ್ನುತ್ತಿದ್ದವರು ಎಂಬುದು ಮುಖ್ಯ. ನನಗೆ ಅರ್ಥವಾದದ್ದಿಷ್ಟು: ಸಾಕಷ್ಟು ಸಿಗುತ್ತಿರುವವರಿಗೆ ಇನ್ನೂ ಸುರಿದರೆ ಲಾಭವಿಲ್ಲ, ಸಿಗದವರಿಗೆ ಕೊಟ್ಟರೆ ಲಾಭವಿದೆ. ನಾನು ಮತ್ತು ಅವ್ವ ಸಿಗದವರ ಸಾಲಿನವರು.

ಇನ್ನು ಕೆಲವು ಸಣ್ಣ ತಿಳಿವಳಿಕೆ. ಕ್ಯಾಲ್ಸಿಯಂ ಕೊಬ್ಬಿನಲ್ಲಿಲ್ಲ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲೂ ಕಿತ್ತಳೆ ಪ್ಯಾಕೆಟ್ಟಿನ ಗಟ್ಟಿ ಹಾಲಿನಲ್ಲೂ ಅದು ಹೆಚ್ಚುಕಡಿಮೆ ಒಂದೇ. ತುಪ್ಪದಲ್ಲಿ ಇಲ್ಲವೆಂದೇ ಹೇಳಬೇಕು. ಅಂದರೆ ಅವ್ವ ತನಗೆಂದು ಉಳಿಸಿಕೊಳ್ಳುತ್ತಿದ್ದ ಮಜ್ಜಿಗೆಯಲ್ಲೇ ಅದು ಇತ್ತು, ನೀರು ಸುರಿದು ತೆಳು ಮಾಡಿದ್ದು ಅದನ್ನೇ. ನನಗೆ ಹಸಿ ಹಾಲು ಹೊಟ್ಟೆ ಉಬ್ಬರ ತರುತ್ತದೆ. ದಕ್ಷಿಣದ ನಮ್ಮಲ್ಲಿ ಅನೇಕರಿಗೆ ವಯಸ್ಸಾದಂತೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಅಂಥವರಿಗೆ ಮೊಸರು ಒಗ್ಗುತ್ತದೆ. ಹಾಲು ಬೇಡವೆಂದವರಿಗೆ ರಾಗಿ, ಎಳ್ಳು, ನುಗ್ಗೆಸೊಪ್ಪು ಇವೆ. ಮೈ ಬಿಸಿಯೇರುವುದು ಮಾತ್ರ ಹಾಲಿನಿಂದ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆಯಿದೆ ಎಂದು ನನ್ನ ವೈದ್ಯೆ ಮೊದಲೇ ಹೇಳಿಬಿಟ್ಟರು. ಜೊತೆಗೆ ವಿಟಮಿನ್ ಡಿ ಮತ್ತು ದಿನವೂ ನಡಿಗೆ, ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮ.

ನಮ್ಮ ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಶಾಲೆಯ ಮಕ್ಕಳಿಗೆ ಹಾಲು ಕೊಡುತ್ತಾರೆ. ತುಂಬಾ ಒಳ್ಳೆಯ ಕೆಲಸ. ಹಾಲೆಂದರೆ ಕೂಸಿಗೆ ಎಂಬ ಅವ್ವನ ಮಾತಿನಲ್ಲಿ ಅರ್ಧ ಸತ್ಯವಿದೆ, ಮೂಳೆ ಗಟ್ಟಿಯಾಗುವುದು ಮೂವತ್ತರೊಳಗೇ. ಉಳಿದರ್ಧ ಸತ್ಯ, ಅದು ಕರಗುವ ವಯಸ್ಸಿನದು. ಆ ವಯಸ್ಸಿನ ಹೆಂಗಸಿಗೆ ಲೋಟ ಹಿಡಿದು ‘ಕುಡಿ’ ಎನ್ನುವವರು ಯಾರೂ ಇರುವುದಿಲ್ಲ. ಬಸುರಿ, ಬಾಣಂತಿ ಆದಾಗ ಇದ್ದ ಉಪಚಾರ ಅಲ್ಲಿಗೇ ಮುಗಿದಿರುತ್ತದೆ.

ಈಗ ಅವ್ವ ನಮ್ಮ ಜೊತೆ ಚೆನ್ನೈನಲ್ಲಿದ್ದಾಳೆ. ವಾಕರ್ ಹಿಡಿದು ಬಾಲ್ಕನಿಯವರೆಗೆ ನಡೆಯುತ್ತಾಳೆ. ಮೂಳೆಗೆ ಔಷಧ ನಡೆದಿದೆ. ಆವಿನ್ ಹಾಲನ್ನು ಬೆರಳಿಗೆ ಅಂಟಿಸಿ ನೋಡಿ ‘ಡಿಗ್ರಿ ಸಾಲ್ದು’ ಎಂದು ತೀರ್ಪು ಕೊಡುತ್ತಾಳೆ. ಮನೆಗೆ ಈಗ ಎರಡು ಲೀಟರ್ ಬರುತ್ತದೆ. ವಾರಕ್ಕೆ ನಾಲ್ಕು ದಿನ ಮುದ್ದೆ. ಮಗ ಮೂಗು ಮುರಿಯುತ್ತಾನೆ, ಮಗಳು ತಿನ್ನುತ್ತಾಳೆ. ಅವಳು ತಿನ್ನುವುದು ನನಗೆ ಹೆಚ್ಚು ಬೇಕು.

ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ಒಂದು ಬಟ್ಟಲು ಗಟ್ಟಿ ಮೊಸರು ಅವ್ವನ ಮುಂದಿಟ್ಟೆ. ಅವಳ ಕೈ ರೂಢಿಯಂತೆ ನೀರಿನ ಚೊಂಬಿನ ಕಡೆ ಹೋಯಿತು. ಚೊಂಬನ್ನು ದೂರ ಸರಿಸಿದೆ. ಅವಳು ನನ್ನ ಮುಖ ನೋಡಿದಳು, ಬಟ್ಟಲು ನೋಡಿದಳು. ಆಮೇಲೆ ಕೇಳಿದಳು: ‘ನಿಂದೆಲ್ಲವ್ವ?’

ಹಾಕಿಕೊಂಡಿರಲಿಲ್ಲ. ಎದ್ದು ಹೋಗಿ ಇನ್ನೊಂದು ಬಟ್ಟಲು ತಂದೆ.