ತನ್ನ ಕೈಯ ತುತ್ತು

ಅನ್ನಪ್ರಾಶನಕ್ಕೆ ಗೃಹ್ಯಸೂತ್ರಗಳು 6ನೆಯ ತಿಂಗಳನ್ನು ವಿಧಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯೂ 6 ತಿಂಗಳು ತುಂಬಿದೊಡನೆ ತಾಯಿಯ ಹಾಲಿನ ಜೊತೆಗೆ ಇತರ ಆಹಾರವನ್ನು ಕೊಡತಕ್ಕದ್ದೆಂದು ಹೇಳುತ್ತದೆ. ಎಂದು ಉಣಿಸಬೇಕೆಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ಯಾರ ಕೈಯಿಂದ ಎಂಬುದರಲ್ಲಿಯೇ ವಿವಾದವಿರುವುದು.

ನಮ್ಮ ಮೊಮ್ಮಗಳಿಗೆ ಈಗ 9 ತಿಂಗಳು. ಸೊಸೆಯು ಇಡ್ಲಿಯ ಚೂರು, ಮಾಗಿದ ಬಾಳೆಹಣ್ಣು, ಮೆತ್ತಗೆ ಬೆಂದ ಗಜ್ಜರಿಯ ತುಂಡುಗಳನ್ನು ತಟ್ಟೆಯಲ್ಲಿಟ್ಟು ಸುಮ್ಮನೆ ಎದುರಿಗೆ ಕುಳಿತುಕೊಳ್ಳುತ್ತಾಳೆ.

“ಗಂಟಲಿಗೆ ಸಿಕ್ಕೀತಮ್ಮಾ, ಕಲಸಿ ತಿನ್ನಿಸಬಾರದೆ?” ಎಂದು ನನ್ನ ಮನೆಯಾಕೆ.

“ನಾನು ಇಲ್ಲೇ ಇದ್ದೇನಲ್ಲ ಅತ್ತೆ, ಅವಳೇ ತಿನ್ನಲಿ” ಎಂದು ಸೊಸೆ.

ಇಬ್ಬರ ಮಾತಿಗೂ ವಾತ್ಸಲ್ಯವೇ ಮೂಲವಾದುದರಿಂದ ತೀರ್ಪು ಸುಲಭವಲ್ಲ.

ಅಜ್ಜಿಯ ಭಯವು ನಿರಾಧಾರವಲ್ಲ. ಇಡೀ ದ್ರಾಕ್ಷಿ, ಕಡಲೆಕಾಯಿ ಬೀಜ, ಹಸಿ ಗಜ್ಜರಿ ಮೊದಲಾದುವು ಶಿಶುವಿನ ಉಸಿರಿನ ದಾರಿಯನ್ನು ಮುಚ್ಚಿ ಪ್ರಾಣಾಪಾಯವನ್ನು ತರಬಲ್ಲವು. ಆದರೆ ತುತ್ತು ನಾಲಗೆಯ ಹಿಂದಕ್ಕೆ ಸರಿದಾಗ ಮಗು ಸದ್ದುಮಾಡಿ ಓಕರಿಸಿ ಅದನ್ನು ಮುಂದಕ್ಕೆ ತಳ್ಳುವುದು ದೇಹವೇ ಇಟ್ಟುಕೊಂಡಿರುವ ಕಾವಲು. ಸದ್ದಡಗಿ ಉಸಿರು ಕಟ್ಟುವುದೇ ನಿಜವಾದ ಅಪಾಯ. ಆದುದರಿಂದ ಮಗು ನೆಟ್ಟಗೆ ಕುಳಿತಿರಬೇಕು. ತುಂಡು ಬೆರಳಿನಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಮೃದುವಾಗಿರಬೇಕು. ಹಿರಿಯರೊಬ್ಬರು ಕಣ್ಣು ತೆಗೆಯದೆ ಬಳಿಯಲ್ಲಿರಬೇಕು.

ಮೊದಮೊದಲು ಶಿಶುವು ತುಂಡನ್ನು ಇಡೀ ಮುಷ್ಟಿಯಿಂದ ಹಿಡಿಯುವುದು. ಮುಷ್ಟಿಯ ಹೊರಗೆ ಚಾಚಿಕೊಂಡಿರುವಷ್ಟೇ ಬಾಯಿಗೆ ದಕ್ಕುವುದು. ಸುಮಾರು 9ನೆಯ ತಿಂಗಳಿನಲ್ಲಿ ಅಂಗುಷ್ಠವೂ ತರ್ಜನಿಯೂ ಒಂದನ್ನೊಂದು ಸಂಧಿಸಲು ಕಲಿಯುತ್ತವೆ. ಆಗ ಒಂದು ಅಗುಳನ್ನೂ ಹೆಕ್ಕಬಹುದು. ಈ ವಿದ್ಯೆಯನ್ನು ಪರರ ಕೈಯು ಕಲಿಸಲಾರದು. 35 ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನನಗೆ ಇದು ಹೊಸ ಮಾತಲ್ಲ: ಕೈಹಿಡಿದು ಬರೆಯಿಸಿದ ಅಕ್ಷರವು ಉಪಾಧ್ಯಾಯನದು, ವಕ್ರವಾದರೂ ತಾನೇ ಬರೆದುದು ಮಗುವಿನದು. ಅಷ್ಟೇ ಅಲ್ಲದೆ, ತಾನೇ ಉಣ್ಣುವ ಮಗುವಿಗೆ ಸಾಕಾದಾಗ ಸಾಕೆನ್ನುವ ಸ್ವಾತಂತ್ರ್ಯವೂ ಉಂಟು. ಬಲವಂತದ ತುತ್ತಿಗೆ ಆ ಮರ್ಯಾದೆ ತಿಳಿಯದು.

ಅನ್ನಪ್ರಾಶನದ ದಿನ ಕೆಲವು ಮನೆಗಳಲ್ಲಿ ಪುಸ್ತಕ, ಲೇಖನಿ, ಬಂಗಾರಗಳನ್ನು ಮುಂದಿಟ್ಟು, ಮಗು ಯಾವುದನ್ನು ಮುಟ್ಟುವುದೋ ಅದೇ ಅದರ ಮುಂದಿನ ವೃತ್ತಿಯೆಂದು ಸಂತೋಷಪಡುವುದುಂಟು. ಜೀವಿಕೆಯನ್ನೇ ಆರಿಸಿಕೊಳ್ಳಲು ಬಿಟ್ಟ ಕೈಗೆ ಇಡ್ಲಿಯ ಚೂರನ್ನು ಒಪ್ಪಿಸಲು ನಾವು ಅಂಜುವುದು ವಿಚಿತ್ರವಲ್ಲವೆ?

ಹಾಗೆಂದು ಅಜ್ಜಿಯ ಕಲಸನ್ನ ಬೇಡವೆಂದಲ್ಲ. ಚೂರುಗಳಲ್ಲಿ ಬಹುಭಾಗ ನೆಲಕ್ಕೇ ಸಲ್ಲುವುದರಿಂದ ಹೊಟ್ಟೆ ತುಂಬಲು ಅದೂ ಅವಶ್ಯ. ಹಿರಿಯರ ಕೈಯಿಂದ ಪುಷ್ಟಿಯೂ ತನ್ನ ಕೈಯಿಂದ ಕೌಶಲವೂ ಮಗುವಿಗೆ ಲಭಿಸಲಿ. ನೆಲವನ್ನು ಒರಸುವ ಕೆಲಸ ನಮ್ಮಂಥ ನಿವೃತ್ತರಿಗಿರಲಿ.